ನೆರಳಿನ ಪಾತಿಯ ಒಂಬತ್ತು ಗಡ್ಡೆಗಳು

ತೋಟದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: "ಕಾಕಾ, ಗೊಬ್ಬರ ಯಾವುದು ಹಾಕಬೇಕ್ರಿ?" ಗೊಬ್ಬರದ ಸಂಗತಿ ಚೀಲದ ಮೇಲೇ ಬರೆದಿರುತ್ತದೆ, ಓದಿಕೊಳ್ಳಿ. ಚೀಲದ ಮೇಲೆ ಬರೆಯದ ಒಂದು ಸಂಗತಿ ನನ್ನ ಹತ್ತಿರ ಇದೆ. ಅದನ್ನು ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಆದ್ದರಿಂದ ಮೊದಲು ಸ್ವಲ್ಪ ನನ್ನ ಹೊಗಳಿಕೆ ನಡೆಯಲಿ.

ಎಂಬತ್ತರ ದಶಕದಲ್ಲಿ ನನ್ನಂಥ ಮಾಲಿ ಈ ಐದೂ ತಾಲೂಕುಗಳಲ್ಲಿ ಇರಲಿಲ್ಲ. ನಾನು ಬಾಯಿ ಮುಕ್ಕಳಿಸಿ ಉಗುಳಿದಲ್ಲಿ ಕೊತ್ತಂಬರಿ ಹುಟ್ಟುತ್ತದೆ ಎಂದು ಹಾರೂಗೇರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಸಾರಿ ಹೇಳುತ್ತಿದ್ದ. ಹಾಗೆ ಸಾರುತ್ತಿದ್ದವನು ನಾನೇ. ನಂಬಿದವರು ಇಬ್ಬರು, ಅದರಲ್ಲಿ ಒಬ್ಬ ನಾನು. ಇನ್ನೊಬ್ಬನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದವರು ಹುಸೇನ ಚಾಚಾ. ರಾಯಬಾಗದ ಹೊರಗೆ ಒಂದು ಸರಕಾರಿ ಬಂಗಲೆಯ ಮಾಲಿ. ಚಾಚಾ ದಿನಕ್ಕೆ ಹತ್ತು ಮಾತು ಆಡಿದರೆ ಅದರಲ್ಲಿ ಆರು ಗಿಡಗಳಿಗೆ, ಮೂರು ಅವರು ಸಾಕಿದ ಆಡಿಗೆ, ಒಂದು ನನಗೆ. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ತೂರಿಸಿ ನೋಡುತ್ತಿದ್ದರು. ನಾನು ನೋಡುತ್ತಿರಲಿಲ್ಲ. ನೋಡದೆಯೇ ನನಗೆ ಗೊತ್ತಾಗುತ್ತದೆ ಎಂದು ನನ್ನ ನಂಬಿಕೆ.

ಈ ನಂಬಿಕೆಯನ್ನು ಕಟ್ಟಿಕೊಂಡು ನಿಪ್ಪಾಣಿಗೆ ಹೋದೆ, ಒಬ್ಬ ತಂಬಾಕಿನ ವ್ಯಾಪಾರಿಯ ಮನೆಗೆ. ಸಾಹುಕಾರರ ಹೆಂಡತಿಯ ಸೇವಂತಿಗೆಗೆ ಹೇನು ಬಿದ್ದಿತ್ತು. ಒಂದು ಹಿಡಿ ತಂಬಾಕು ನೆನೆಸಿ, ಸೋಸಿ, ನೀರು ಬೆರೆಸಿ ಸಿಂಪಡಿಸಬೇಕು ಎಂದು ಚಾಚಾ ಕಲಿಸಿದ್ದರು. ತಂಬಾಕಿನ ರಾಶಿಯ ಮೇಲೆಯೇ ಕೂತ ಮನೆಯಲ್ಲಿ ಒಂದು ಹಿಡಿ ಎಂದರೆ ಅವಮಾನವಲ್ಲವೇ? ಒಂದು ಬುಟ್ಟಿ ಕುದಿಸಿದೆ. ಹೇನು ಸತ್ತಿತು. ಸೇವಂತಿಗೆ ಸತ್ತಿತು. ಪಕ್ಕದ ಕಟ್ಟೆಯ ತುಳಸಿ ಸತ್ತಿತು. ಗೇಟಿನ ಹತ್ತಿರ ಮಲಗಿದ್ದ ನಾಯಿ ಎರಡು ದಿನ ಸೀನಿತು.

"ತಂಬಾಕ ಮಾರಿ ನಾ ಮನಿ ಕಟ್ಟೇನಿ. ನೀ ತಂಬಾಕ ಹಾಕಿ ಮನಿ ಹಾಳ ಮಾಡಿದೆಲ್ಲೋ!" ಎಂದರು ಸಾಹುಕಾರರು. ಮರುದಿನ ನಾನು ರಾಯಬಾಗದ ಬಸ್ಸಿನಲ್ಲಿದ್ದೆ.

ಚಾಚಾ ನಗಲಿಲ್ಲ. "ನಿನ್ನ ಕೈ ಚಲೋ ಐತಿ ಬೇಟಾ. ಬಾಯಿ ಕೈಗಿಂತ ಮುಂದ ಓಡತೈತಿ" ಎಂದರು. ಶೇಡಬಾಳದಲ್ಲಿ ಒಂದು ಮನೆಗೆ ಮಾಲಿ ಬೇಕಾಗಿದ್ದಾನೆ ಎಂದೂ ಹೇಳಿದರು. ಇಷ್ಟು ಮಾತು ಒಂದೇ ದಿನ ಚಾಚಾನ ಬಾಯಿಂದ ಬಂದದ್ದು ಅದೇ ಮೊದಲು.

ಶೇಡಬಾಳದ ಆ ಮನೆ ಹಳೆಯ ಜೈನ ಮನೆತನದ್ದು. ಮನೆಯ ಹಿರಿಯಳನ್ನು ಊರೆಲ್ಲ ಆಯಿ ಎಂದು ಕರೆಯುತ್ತಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗ ಕಬ್ಬಿನ ಗದ್ದೆ ನೋಡಿಕೊಳ್ಳುತ್ತಿದ್ದ. ಹಿತ್ತಲಿನಲ್ಲಿ ಮನೆಗಿಂತ ಹಳೆಯ ಎರಡು ಮಾವಿನ ಮರ. ಅವುಗಳ ಕೆಳಗೆ ನಡು ಮಧ್ಯಾಹ್ನ ಕೂಡ ಓದಲು ಕಂದೀಲು ಬೇಕಾಗುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಆದರೆ ಬಿಸಿಲು ನೆಲ ಮುಟ್ಟುತ್ತಿರಲಿಲ್ಲ ಎಂಬುದು ಸತ್ಯ. ಅಲ್ಲಿ ನಾನು ಗುಲಾಬಿ ಹಾಕಿದೆ, ಕಡ್ಡಿಯಾಯಿತು. ಚೆಂಡು ಹೂ ಹಾಕಿದೆ, ಸೊಪ್ಪಾಯಿತು. ಮಲ್ಲಿಗೆ ಬಿಸಿಲು ಹುಡುಕುತ್ತ ಗೋಡೆ ಹತ್ತಿ ಪಕ್ಕದ ಮನೆಯವರಿಗೆ ಹೂ ಕೊಟ್ಟಿತು.

ಆ ನೆರಳಿಗೆ ಒಗ್ಗಿದ್ದು ಒಂದೇ, ಮೇ ಹೂವು. ನೀವು ನೋಡಿರುತ್ತೀರಿ: ಮೇ ತಿಂಗಳಲ್ಲಿ ಬರಿ ನೆಲದಿಂದ ಒಂದು ದಂಟು ಎದ್ದು, ತುದಿಯಲ್ಲಿ ನೂರಾರು ಕೆಂಪು ಸೂಜಿಗಳ ಒಂದು ದುಂಡು ಚೆಂಡು ಅರಳುತ್ತದೆ. ಒಂದು ಗಡ್ಡೆಗೆ ವರ್ಷಕ್ಕೆ ಒಂದೇ ಹೂ. ಎಂಟು ಹತ್ತು ದಿನ ನಿಂತು ಬಾಡುತ್ತದೆ. ಆಮೇಲೆ ಎಲೆ. ಮಳೆಗಾಲ ಪೂರ್ತಿ ಆ ಎಲೆ ದುಡಿದು ಗಡ್ಡೆಗೆ ಮುಂದಿನ ವರ್ಷದ ಹೂವನ್ನು ಕೂಡಿಸಿ ಕೊಡುತ್ತದೆ, ಹಾಗಾಗಿ ಹಳದಿಯಾಯಿತೆಂದು ಕತ್ತರಿಸಬಾರದು. ದೀಪಾವಳಿ ಕಳೆದ ಮೇಲೆ ಎಲೆ ತಾನೇ ಮಲಗುತ್ತದೆ, ಪಾತಿ ಬರಿದಾಗುತ್ತದೆ. ಅಲ್ಲಿಂದ ಮುಂಗಾರಿಗೆ ಮುಂಚೆ ಬೀಳುವ ಮೊದಲ ಅಡ್ಡಮಳೆಯವರೆಗೆ ನೀರು ಬೇಡ, ಗೊಬ್ಬರ ಬೇಡ, ಸಲಿಕೆ ಅಂತೂ ಬೇಡವೇ ಬೇಡ. ಮಾಲಿಯ ಕೆಲಸವೆಂದರೆ ಸುಮ್ಮನೆ ಕೂರುವುದು. ಇಪ್ಪತ್ತು ವರ್ಷದ ನನಗೆ ಇದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ.

ಆ ಗಡ್ಡೆಯನ್ನು ನೆಟ್ಟವಳು ಆಯಿಯ ಮಗಳು ವಿಮಲಾ. ಹದಿನೈದನೆಯ ವಯಸ್ಸಿನಲ್ಲಿ ಎಲ್ಲಿಂದಲೋ ಒಂದು ಗಡ್ಡೆ ತಂದು, ಹಿಂದಿನ ಪಡಸಾಲೆಯಿಂದ ನೇರ ಕಾಣುವ ಜಾಗದಲ್ಲಿ ಊರಿದ್ದಳಂತೆ. ಇಪ್ಪತ್ನಾಲ್ಕಕ್ಕೆ ದೀಕ್ಷೆ ತೆಗೆದುಕೊಂಡು ಮನೆ ಬಿಟ್ಟು ಹೋದಳು. ನಾನು ಆ ಮನೆಗೆ ಬರುವ ಹೊತ್ತಿಗೆ ಐದು ವರ್ಷವಾಗಿತ್ತು. ಮನೆಯಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ, ಅದು ಈಗ ಅವರ ಹೆಸರಲ್ಲ. ಮಾತಾಜಿ ಎನ್ನಬೇಕು. ಆಯಿ ಮಾತ್ರ ಪಾತಿಯ ಹತ್ತಿರ ಬಂದಾಗ "ನಮ್ಮ ವಿಮ..." ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದರು.

ಮೊದಲ ದಿನವೇ ಆಯಿ, ಸದಾಶಿವ ಎಂಬ ನನ್ನ ಹೆಸರನ್ನು ಸದಾ ಎಂದು ಮೊಟಕು ಮಾಡಿ, ನನಗೆ ಹೇಳಿದ್ದರು: "ನೆಲದಾಗಿಂದ ಎಬ್ಬಿಸಿದ್ದ ನಾವು ಏನೂ ತಿನ್ನೂದಿಲ್ಲೋ ಸದಾ. ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ. ಒಂದ ಗಡ್ಡಿ ಎಬ್ಬಿಸಿದ್ರ ಎಷ್ಟ ಜೀವ ಹೋಗತಾವ. ಇದು ತಿನ್ನೂ ಗಡ್ಡಿ ಅಲ್ಲ ಖರೆ, ಆದ್ರೂ ಎಬ್ಬಿಸಬ್ಯಾಡ."

"ಛೆ ಛೆ, ನಾ ಯಾಕ ಎಬ್ಬಸಲ್ರಿ ಆಯಿ" ಎಂದಿದ್ದೆ.

ನನ್ನ ಮೂರನೆಯ ಚಳಿಗಾಲದಲ್ಲಿ ಸುದ್ದಿ ಬಂತು. ಮಾತಾಜಿಯವರ ಸಂಘ ಬರುವ ಚಾತುರ್ಮಾಸಕ್ಕೆ ಮಿರಜ ಕಡೆ ಹೋಗುತ್ತದೆ, ಮಳೆ ಹಿಡಿಯುವ ಮೊದಲು ಶೇಡಬಾಳದಲ್ಲಿ ಒಂದು ದಿನ ನಿಲ್ಲುತ್ತದೆ. ಆಯಿ ಆಹಾರ ಕೊಡುವ ಅವಕಾಶ ಬೇಡಿದರು. ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರು ಮನೆಗೆ ಬಂದು ನಿಯಮ ಹೇಳಿದರು. ನಾನು ಮೆಟ್ಟಿಲ ಪಕ್ಕದ ಕುಂಡ ತೊಳೆಯುವ ನೆಪದಲ್ಲಿ ಎಲ್ಲ ಕೇಳಿಸಿಕೊಂಡೆ. ತೊಳೆದ ಕುಂಡವನ್ನೇ ನಾಲ್ಕು ಸಲ ತೊಳೆದೆ.

ಮಾತಾಜಿಯವರು ದಿನಕ್ಕೆ ಒಂದೇ ಸಲ ಉಣ್ಣುತ್ತಾರೆ, ಜೋಡಿಸಿದ ಎರಡು ಅಂಗೈಗಳಲ್ಲಿ. ನೀರು ಕುಡಿಯುವುದೂ ಆಗಲೇ. ಅನ್ನದಲ್ಲಿ ಒಂದು ಕೂದಲು ಕಂಡರೂ, ಅಳುವ ದನಿ ಕಿವಿಗೆ ಬಿದ್ದರೂ ಅದು ಅಂತರಾಯ. ಕೈ ಬಿಟ್ಟು ಎದ್ದುಬಿಡಬೇಕು. ಮತ್ತೆ ಅನ್ನ ನೀರು ಮರುದಿನವೇ.

"ಆಯಿ, ನೀವು ಅತ್ರ ಮಾತಾಜಿ ಉಪವಾಸ ಹೋಗತಾರ ನೋಡ್ರಿ" ಎಂದರು ಉಪಾಧ್ಯೆಯವರು.

"ಅಳೂದಿಲ್ರಿ."

"ಎಲ್ಲಾರೂ ಹಂಗ ಅಂತಾರ್ರಿ. ತಾಯಿ ಕರಳ ಅದು. ಬ್ಯಾರೇದವ್ರ ಮನ್ಯಾಗ ಇಟಗೊಳ್ಳೂನೇನ್ರಿ?"

"ಬ್ಯಾಡ್ರಿ. ಅಳೂದಿಲ್ಲಂದ್ರ ಅಳೂದಿಲ್ಲ."

ಉಪಾಧ್ಯೆಯವರು ಹೋದ ಮೇಲೆ ಆಯಿ ಹಿತ್ತಲಿಗೆ ಬಂದು ಬರಿದಾದ ಪಾತಿಯ ಮುಂದೆ ನಿಂತರು.

"ಸದಾ, ಹೂ ಅವತ್ತಿಗೆ ಇರತೈತೇನೋ?"

"ಯಾಕ್ರಿ ಆಯಿ?"

"ಆಕಿ ಮಾರಿ ನೋಡಿದ್ರ ನಂಗ ತಡ್ಯಾಕ ಆಗೂದಿಲ್ಲ. ಪಡಸಾಲ್ಯಾಗ ಕುಂದ್ರಸಿ, ಈ ಹೂ ನೋಡಕೋತ ಬಡಸ್ತೇನಿ. ಕಣ್ಣಿಗೆ ಒಂದ ಜಾಗಾ ಬೇಕೋ."

ಗೊತ್ತಿಲ್ಲ, ಗಿಡ ಮನಸ್ಸು ಮಾಡಿದರೆ ಬರುತ್ತದೆ ಎನ್ನುವುದು ಮಾಲಿ ಹೇಳಬೇಕಾದ ಉತ್ತರ. ನಾನು ಹೇಳಿದ್ದು: "ತಾರೀಖ ನೀವ ಹೇಳ್ರಿ ಆಯಿ. ಹೂವಿಗೆ ನಾ ಹೇಳತೇನಿ!"

ಆಯಿ ನಕ್ಕರು. ಆ ನಗು ನನ್ನ ತಲೆಗೆ ಏರಿತು. ಮರುದಿನದಿಂದ ಶೇಡಬಾಳದಿಂದ ಕಾಗವಾಡದವರೆಗೆ ಎಲ್ಲ ಚಹಾದಂಗಡಿಗಳಲ್ಲಿ ಸುದ್ದಿ ಹಬ್ಬಿತು: ಸದಾಶಿವ ತಾರೀಖು ಕೊಟ್ಟರೆ ಹೂ ಅರಳುತ್ತದೆ. ಅಂಗಡಿ ಇದ್ದದ್ದು ನಾಲ್ಕು, ಹಬ್ಬಿಸಿದವನು ಒಬ್ಬನೇ.

ಆದರೆ ಒಳಗೊಂದು ಹುಳ ಕೊರೆಯತೊಡಗಿತು. ಬರಿ ಮಣ್ಣು ನೋಡುತ್ತ ಮೂರು ತಿಂಗಳು ಕೂರುವುದು ಹೇಗೆ? ಗಡ್ಡೆ ಬದುಕಿದೆಯೋ ಇಲ್ಲವೋ? ಮಾಘ ಮಾಸದ ಒಂದು ಬೆಳಿಗ್ಗೆ ಆಯಿ ಬಸದಿಗೆ ಹೋದಾಗ ಸಲಿಕೆ ತೆಗೆದುಕೊಂಡೆ. ಬರೀ ಒಂದು ಬದಿ ಕೆದರಿ ನೋಡಿ ಮುಚ್ಚುವುದು ಎಂದುಕೊಂಡಿದ್ದೆ. ಕೆದರಿದರೆ, ವಿಮಲಾ ಊರಿದ್ದ ಒಂದು ಗಡ್ಡೆ ಒಂಬತ್ತಾಗಿತ್ತು. ಒಂದಕ್ಕೊಂದು ಅಂಟಿಕೊಂಡು, ತುಂಬಿದ ಎಸ್ಟಿ ಬಸ್ಸಿನ ಹಾಗೆ ಒತ್ತೊತ್ತಾಗಿ. ಪ್ರತಿ ವರ್ಷ ಅದರಲ್ಲಿ ಮೂರೋ ನಾಲ್ಕೋ ಹೂ ಬಿಡುತ್ತಿದ್ದವು. ನನ್ನ ತಲೆ ಓಡಿತು: ಇವನ್ನು ಬಿಡಿಸಿ ಸಾಲಾಗಿ ನೆಟ್ಟರೆ ಒಂಬತ್ತೂ ಅರಳುತ್ತವೆ, ಪಡಸಾಲೆಯ ಮುಂದೆ ಒಂಬತ್ತು ಕೆಂಪು ಚೆಂಡುಗಳ ಸಾಲು! ಆಯಿ ಏನು, ಊರೇ ಬಾಯಿ ತೆರೆಯುತ್ತದೆ.

ಎಳೆದು ಬಿಡಿಸಿದೆ. ಬಿಳಿ ಬೇರುಗಳು ಸೇವಿಗೆಯ ಹಾಗೆ ಪಟಪಟನೆ ತುಂಡಾದವು. ಸಾಲಾಗಿ ಊರಿ, ಮೇಲೆ ತರಗೆಲೆ ಹರಡಿ, ಆಯಿ ಬರುವಷ್ಟರಲ್ಲಿ ಕೈ ತೊಳೆದುಕೊಂಡು ಶಿಳ್ಳೆ ಹಾಕುತ್ತ ನಿಂತಿದ್ದೆ. ಬೇರು ಹರಿದ ಮೇ ಹೂವಿನ ಗಡ್ಡೆ ಮುನಿಸಿಕೊಳ್ಳುತ್ತದೆ, ಒಂದೆರಡು ವರ್ಷ ಬರಿ ಎಲೆ ಬಿಡುತ್ತದೆ. ಇದನ್ನು ಚಾಚಾ ಎಂದೋ ಹೇಳಿದ್ದರು. ಆ ದಿನ ನಾನು ನನ್ನದೇ ಮಾತು ಕೇಳಿಸಿಕೊಳ್ಳುತ್ತಿದ್ದೆನೋ ಏನೋ.

ಅಡ್ಡಮಳೆ ಬಂತು. ಮೇ ಕೊನೆಗೆ ಒಂಬತ್ತು ಹಸಿರು ಕೊಂಬು ನೆಲ ಸೀಳಿ ಎದ್ದವು. ನಾನು ಕುಣಿದೆ. ಎರಡು ದಿನಕ್ಕೆ ಮೊದಲ ಕೊಂಬು ಬಿಚ್ಚಿಕೊಂಡಿತು: ಎಲೆ. ಎರಡನೆಯದು, ಎಲೆ. ಒಂಬತ್ತೂ ಎಲೆ.

"ಎಲಿ ಮೊದಲ ಬಂತಲ್ಲೋ ಈ ಸಲ?" ಎಂದರು ಆಯಿ.

"ಹೂ ಹಿಂದಿಂದ ಬರತೈತ್ರಿ ಆಯಿ. ಗಡ್ಡಿ ತಾನ ಸಾಲಾಗಿ ಹಬ್ಬೈತಿ, ಈ ಸಲ ದೊಡ್ಡ ಹೂ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನಾನೇ ಅರ್ಧ ನಂಬಿದೆ.

ಸಂಘ ಬರುವ ಹಿಂದಿನ ದಿನ ನಾನು ರಾಯಬಾಗದ ಬಸ್ಸು ಹತ್ತಿದೆ. ಬಂಗಲೆಯ ಬೇವಿನ ನೆರಳಿನಲ್ಲಿ ಚಾಚಾನ ಆರು ಕುಂಡಗಳಲ್ಲಿ ಆರು ಮೇ ಹೂ ಅರಳಿ ನಿಂತಿದ್ದವು. ಎಲ್ಲ ಹೇಳಿದೆ. ಗಡ್ಡೆ ಕಿತ್ತದ್ದನ್ನು ಹೇಳಿದಾಗ ಚಾಚಾ ಆಡಿನ ಕಡೆ ನೋಡಿದರು.

"ಕುಂಡ ಸಮೇತ ಒಯ್ಯಿ. ಎಂಟ ದಿನ ಬಾಡೂದಿಲ್ಲ."

"ಬ್ಯಾಡ ಚಾಚಾ. ಒಂದ ಹೂ ಕೊಯ್ದು ಕೊಡ್ರಿ, ಸಾಕು."

"ಕೊಯ್ದ ಹೂ ಮಣ್ಣಾಗ ಚುಚ್ಚತೀ ಏನ್ ಲೇ?"

ಕುಂಡದಲ್ಲಿದ್ದರೆ ಅದು ಚಾಚಾನ ಹೂವು. ನೆಲದಲ್ಲಿದ್ದರೆ ನನ್ನದು. ಇದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡ ನಾನಲ್ಲ.

ಚಾಚಾ ಎಲ್ಲಕ್ಕಿಂತ ಉದ್ದನೆಯ ದಂಟು ಆರಿಸಿ ಕೊಯ್ದು, ಒದ್ದೆ ಬಟ್ಟೆ ಸುತ್ತಿ ಕೊಟ್ಟರು. "ಆಯಿಗೆ ಹೇಳಿ ಇಡು. ಹೇಳಲಿಲ್ಲಂದ್ರ ನನ್ನ ಹೂ ನನಗ ತಿರಗಿ ಕೊಡು" ಎಂದರು.

ಬೆಳಗಿನ ನಸುಕಿನಲ್ಲಿ ದಂಟಿಗೆ ಬಿದಿರಿನ ಸೀಳು ಕಟ್ಟಿ, ನಡುವಿನ ಎಲೆಗಳ ಮಧ್ಯೆ ಊರಿದೆ. ತಾಜಾ ಕಾಣಲಿ ಎಂದು ಬುಡಕ್ಕೆ ಎರಡು ಕೊಡ ನೀರು ಸುರಿದೆ. ಬೆರಳು ತೂರಿಸಿ ನೋಡಲಿಲ್ಲ.

ಆಯಿ ಸ್ನಾನ ಮುಗಿಸಿ ಬಂದರು. "ಬಂತೇನೋ! ಸದಾ, ಬಂತಲ್ಲೋ!" ಎಂದು ಎರಡೂ ಕೈ ಎದೆಗೆ ಒತ್ತಿಕೊಂಡರು. ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಬೇಕೆಂದರೂ ಆಗಿಲ್ಲ. ಪಡಸಾಲೆಯಲ್ಲಿ ಮಣೆ ಹಾಕಿ, ಅದರ ಎದುರು ಖಾಲಿ ತಂಬಿಗೆ ಹಿಡಿದು ಕೂತು, ಹೂವಿನ ಕಡೆ ನೋಡುತ್ತ ತಂಬಿಗೆ ಬಗ್ಗಿಸಿ ಅಭ್ಯಾಸ ಮಾಡಿದರು. ಮಣೆಯ ಕಡೆ ಒಮ್ಮೆಯೂ ನೋಡಲಿಲ್ಲ. "ಆಗತೈತಿ ತಗೊ" ಎಂದು ತಮಗೆ ತಾವೇ ಹೇಳಿಕೊಂಡರು. ಹೇಳಿಬಿಡಲು ನನಗೆ ಆ ಹೊತ್ತಿನಲ್ಲಿ ಪೂರಾ ಒಂದು ತಾಸು ಇತ್ತು. ನಾನು ಆ ತಾಸನ್ನು ಬೇಲಿಯ ಹತ್ತಿರ ಬಂದವರಿಗೆ ಹೂ ತೋರಿಸುವುದರಲ್ಲಿ ಕಳೆದೆ.

ಹತ್ತು ಗಂಟೆಯ ಸುಮಾರಿಗೆ ಮಾತಾಜಿ ಬಂದರು. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಬರಿಗಾಲು. ಮೂವತ್ತೆರಡು ವರ್ಷದವರು ಎಂದು ಗೊತ್ತಿದ್ದವನಿಗೂ ಅವರ ವಯಸ್ಸು ಹೇಳಲು ಬರುತ್ತಿರಲಿಲ್ಲ. ಬಾಗಿಲಲ್ಲಿ ಆಯಿ ಕಳಶ ಹಿಡಿದು ಮಂತ್ರ ಹೇಳಿದರು, ದನಿ ನಡುಗಲಿಲ್ಲ. ಮಾತಾಜಿ ಮಣೆಯ ಮೇಲೆ ಕೂತು ಅಂಗೈ ಜೋಡಿಸಿದರು. ಆಯಿ ಮೊದಲು ನೀರು ಹಾಕಿದರು, ಆಮೇಲೆ ಒಂದು ತುತ್ತು, ಇನ್ನೊಂದು. ಕಣ್ಣು ಪೂರ್ತಿ ಹೂವಿನ ಮೇಲೆ. ನಾನು ಮಾವಿನ ಬೊಡ್ಡೆಗೆ ಆತು, ಇಡೀ ಜಿಲ್ಲೆಯೇ ನನ್ನನ್ನು ನೋಡುತ್ತಿದೆ ಎಂಬಂತೆ ಎದೆ ಉಬ್ಬಿಸಿ ನಿಂತಿದ್ದೆ.

ಮೂರನೆಯ ತುತ್ತಿಗೆ ಹೂ ಅಲುಗಿತು. ಗಾಳಿ ಇರಲಿಲ್ಲ. ನೀರು ಕುಡಿದ ಮಣ್ಣು ರಾಡಿಯಾಗಿತ್ತು, ಬಿದಿರಿನ ಸೀಳು ಬಾಗತೊಡಗಿತು. ಅಷ್ಟು ಭಾರದ ಚೆಂಡು ಒಂದೇ ಸಲ ಬೀಳಬಹುದಿತ್ತು, ಬೀಳಲಿಲ್ಲ. ತಲೆ ತಗ್ಗಿಸುವವರ ಹಾಗೆ ನಿಧಾನವಾಗಿ, ಬಹಳ ನಿಧಾನವಾಗಿ ಬಾಗಿತು. ಆಯಿಯ ಕಣ್ಣು ಅದರ ಜೊತೆಗೇ ಇಳಿಯಿತು. ಕೊನೆಗೆ ಎಲೆಗಳ ಮೇಲೆ ಒರಗಿ, ಬುಡ ಮೇಲೆದ್ದಿತು. ಓರೆಯಾಗಿ ಕೊಯ್ದ ಬಿಳಿ ತುದಿ, ಅದಕ್ಕೆ ಸುತ್ತಿದ ನನ್ನ ದಾರ.

ನೋಡಲು ಬೇರೆ ಜಾಗವಿಲ್ಲದೆ ಆಯಿಯ ಕಣ್ಣು ಮಗಳ ಮುಖದ ಮೇಲೆ ಹೋಯಿತು. ದನಿ ದೊಡ್ಡದೇನಲ್ಲ, ಒಂದು ಸಣ್ಣ ಬಿಕ್ಕು. ಆದರೆ ಪಡಸಾಲೆಯಲ್ಲಿ ಎಲ್ಲರಿಗೂ ಕೇಳಿಸಿತು.

ಮಾತಾಜಿಯವರ ಅಂಗೈ ಬಿಚ್ಚಿಕೊಂಡವು. ಅನ್ನ ಕೆಳಗಿಟ್ಟ ಪಾತ್ರೆಗೆ ಬಿತ್ತು. ಎದ್ದರು. ಉಪಾಧ್ಯೆಯವರು ಕಣ್ಣು ಮುಚ್ಚಿಕೊಂಡರು. ಆಯಿ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು, ಆಗ ಒತ್ತಿ ಏನು ಪ್ರಯೋಜನ.

ಹೊರಡುವಾಗ ಮಾತಾಜಿ ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತರು. ಬಿದ್ದ ಹೂವನ್ನು ನೋಡಲಿಲ್ಲ. ಸಾಲಾಗಿ ನಿಂತ ಒಂಬತ್ತು ಗಿಡಗಳ ಎಲೆಗಳನ್ನು ನೋಡಿದರು, ಆಮೇಲೆ ನನ್ನನ್ನು. "ಇನ್ನ ಅವನ್ನ ಮುಟ್ಟಬ್ಯಾಡಪಾ" ಎಂದರು. ಅಷ್ಟೇ. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಈ ಬರಹವನ್ನು ನಗುನಗುತ್ತ ಬರೆಯಬಹುದಿತ್ತು.

ಆ ಸಂಜೆ ಸಂಘ ಕಾಗವಾಡದ ಕಡೆ ನಡೆಯಿತು. ಜೂನ್ ಮೊದಲ ವಾರ, ಮಳೆ ಬಾರದ ಧಗೆ, ಡಾಂಬರು ಚಪ್ಪಲಿಗೆ ಅಂಟುವ ರಸ್ತೆ. ಎರಡು ತುತ್ತು ಅನ್ನ, ಒಂದು ಬೊಗಸೆ ನೀರಿನ ಮೇಲೆ ಬರಿಗಾಲಲ್ಲಿ. ನಾನು ಊರ ಹೊರಗಿನ ಕಬ್ಬಿನ ಬದುವಿನಲ್ಲಿ ಕೂತು ಬಿಳಿ ಸೀರೆಗಳು ಸಣ್ಣದಾಗುವವರೆಗೆ ನೋಡಿದೆ. ಆಯಿ ಕೂಡ ಮರುದಿನ ಹತ್ತು ಗಂಟೆಯವರೆಗೆ ನೀರು ಮುಟ್ಟಲಿಲ್ಲ.

ಕೆಲಸದಿಂದ ತೆಗೆಯುತ್ತಾರೆ ಎಂದು ಬಟ್ಟೆ ಕಟ್ಟಿಕೊಂಡೇ ಹೋದೆ. ಆಯಿ ಪಡಸಾಲೆಯಲ್ಲಿ ಕೂತಿದ್ದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ.

"ಗಡ್ಡಿ ಎಬ್ಬಿಸಿದ್ಯಾ?"

"ಹೂಂನ್ರಿ."

ಆಯಿ ಪಾತಿಯ ಕಡೆ ನೋಡಿದರು. ಆಮೇಲೆ ಹೇಳಿದರು: "ಹೂ ಬರೂದಿಲ್ಲಂತ ಹೇಳಿದ್ರ ನಾ ಗ್ವಾಡಿ ನೋಡಕೋತ ಬಡಸ್ತಿದ್ನಲ್ಲೋ ಸದಾ."

ನನ್ನನ್ನು ತೆಗೆಯಲಿಲ್ಲ. "ಎಲ್ಲಿ ಹೊಂಟಿ? ಕಸಾ ಹೊಡಿ ಹೋಗು" ಎಂದರು. ತೆಗೆದಿದ್ದರೆ ಬೇರೆ ಊರಿಗೆ ಹೋಗಿ ಈ ಕಥೆಯನ್ನು ನನಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ. ಚಾಚಾನ ಹತ್ತಿರ ಹೋಗಿ ಹೇಳಿದೆ. ಅವರು ನನ್ನ ಬೆರಳು ಹಿಡಿದು ಕುಂಡದ ಮಣ್ಣಿಗೆ ಎರಡು ಗೆಣ್ಣು ತೂರಿಸಿ, ಬಿಟ್ಟು, ನೀರಿನ ಝಾರಿ ತೆಗೆದುಕೊಂಡು ಹೊರಟುಹೋದರು. ಅಂದಿನಿಂದ ಬೆರಳು ತೂರಿಸದೆ ನಾನು ಒಂದು ಗಿಡಕ್ಕೂ ನೀರು ಹಾಕಿಲ್ಲ.

ಆ ಪಾತಿಯನ್ನು ಮುಟ್ಟಲಿಲ್ಲ. ಮರುವರ್ಷವೂ ಎಲೆ. ಅದರ ಮುಂದಿನ ವರ್ಷ, ಮೇ ಮೂರನೆಯ ವಾರ, ಬರಿ ನೆಲದಿಂದ ದಂಟುಗಳೆದ್ದವು. ಒಂಬತ್ತೂ. ಮಾವಿನ ಕತ್ತಲೆಯಲ್ಲಿ ಒಂಬತ್ತು ಕೆಂಪು ಚೆಂಡುಗಳ ಸಾಲು, ನಾನು ಅಂದುಕೊಂಡಿದ್ದಂತೆಯೇ. ಯಾವ ಚಹಾದಂಗಡಿಗೂ ಹೋಗಲಿಲ್ಲ. ಒಳಗೆ ಹೋಗಿ "ಆಯಿ, ಬರ್ರಿ" ಎಂದೆ.

ಆಯಿ ಬಂದರು. ಸಾಲಿನ ಮುಂದೆ ನಿಂತರು. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಮೊಣಕಾಲು ಹಿಡಿದು ಕಷ್ಟಪಟ್ಟು ಬಗ್ಗಿ, ಮೊದಲ ದಂಟನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಮೇಲಕ್ಕೆ ಜಗ್ಗಿದರು. ಬರಲಿಲ್ಲ. ಎರಡನೆಯದನ್ನು ಜಗ್ಗಿದರು. ಮೂರನೆಯದು. ಒಂಬತ್ತನ್ನೂ ಜಗ್ಗಿ ನೋಡಿ, ಸೊಂಟ ಹಿಡಿದು ಎದ್ದು, "ಖರೇ ಅದಾವ" ಎಂದು ಒಳಗೆ ಹೋದರು.

ಮಾತಾಜಿ ಮತ್ತೆ ಆ ದಾರಿಯಲ್ಲಿ ಬರಲಿಲ್ಲ. ನಾನು ಮುಂದೆ ಅಥಣಿಯ ಒಂದು ಕಾಲೇಜಿನ ತೋಟಕ್ಕೆ ಸೇರಿ ಅಲ್ಲೇ ನಿವೃತ್ತನಾದೆ. ಅಲ್ಲಿ ಹನಿ ನೀರಿನ ಕೊಳವೆ ಬಂದವು, ಪ್ಲಾಸ್ಟಿಕ್ ಚೀಲದ ಸಸಿ ಬಂದವು, ಕಾಗದದ ಮೇಲೆ ನಕ್ಷೆ ಬರೆದು ತರುವ ಸಾಹೇಬರು ಬಂದರು. ಅದೆಲ್ಲ ನೀವೇ ಕಲಿಯುತ್ತೀರಿ. ಶೇಡಬಾಳದ ಆ ಮನೆಯಲ್ಲಿ, ಒಂಬತ್ತೂ ಅರಳಿದ ಆ ವರ್ಷದ ಮೇಲೆ, ಇನ್ನೂ ಏಳು ವರ್ಷ ಇದ್ದೆ. ಏಳು ವರ್ಷವೂ ಹೂ ಬಂತು. ಏಳು ವರ್ಷವೂ ಆಯಿ ಬಂದು, ಬಗ್ಗಿ, ನನ್ನ ಮುಂದೆಯೇ ಒಂದೊಂದನ್ನೂ ಜಗ್ಗಿ ನೋಡಿದರು. ಕೊನೆಯ ವರ್ಷ ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. "ಸದಾ, ನೀನ ಜಗ್ಗಿ ತೋರಸು" ಎಂದರು. ನಾನು ಒಂಬತ್ತನ್ನೂ ಜಗ್ಗಿ ತೋರಿಸಿದೆ.